ಕೀಲೆಣ್ಣೆ

ನಮ್ಮ ಮನೆಯ ಔಷಧಿ ಡಬ್ಬದಲ್ಲಿ ಈ ಹೊತ್ತಿಗೂ 14 ಪಟ್ಟಿ ಶೀತದ ಮಾತ್ರೆ, 6 ಬಾಟಲಿ ಕೆಮ್ಮಿನ ಸಿರಪ್ಪು, 4 ಡಬ್ಬಿ ಅಮೃತಾಂಜನ ಮತ್ತು ಯಾರ ಮೊಣಕಾಲಿಗೂ ಕೂರದ ಒಂದು ನೀ ಕ್ಯಾಪ್ ಇವೆ. ಮನೆಯಲ್ಲಿರುವುದು ಮೂರೇ ಜನ. ಮೂವರೂ ಮಳೆಯಲ್ಲಿ ನೆನೆದು ಬಂದರೂ ಸೀನುವ ಪೈಕಿಯವರಲ್ಲ. ಇವೆಲ್ಲ ನಾನು ಮೆಡಿಕಲ್ ಶಾಪಿಗೆ ಬೇರೊಂದು ವಸ್ತು ಕೇಳಲು ಹೋಗಿ, ಕೇಳಲಾಗದೆ, ಬರಿಗೈಲಿ ಬರಲು ನಾಚಿ ತಂದವು.

ನಾನು ತಿಪಟೂರಿನಲ್ಲಿ ಪಿಯು ಕಾಲೇಜಿನ ಕನ್ನಡ ಉಪನ್ಯಾಸಕ. ವಯಸ್ಸು 52. ನನ್ನ ತರಗತಿಯಲ್ಲಿ ಇಂಗ್ಲಿಷ್ ಪದ ಬಾಯಿಂದ ಬಿದ್ದರೆ 5 ರೂಪಾಯಿ ದಂಡ. ಆ ದುಡ್ಡಿನಲ್ಲಿ ವರ್ಷಕ್ಕೊಮ್ಮೆ ಇಡೀ ತರಗತಿಗೆ ಖಾರದ ಕಡಲೆಪುರಿ. ಪದಗಳ ವಿಷಯದಲ್ಲಿ ಊರಿಗೆಲ್ಲ ಬುದ್ಧಿ ಹೇಳಿಕೊಂಡು ಬಂದವನಿಗೆ ಒಂದು ಪದ ಗಂಟಲಲ್ಲಿ ಮೀನಿನ ಮುಳ್ಳಿನ ಹಾಗೆ ಸಿಕ್ಕಿಕೊಂಡು ಆರು ತಿಂಗಳು ಅಲ್ಲಾಡಲಿಲ್ಲ.

ಶುರುವಾದದ್ದು ತಲೆನೋವಿನಿಂದ. ನನ್ನದಲ್ಲ, ಮನೆಯವಳದು. ಅವಳಿಗೆ 47. ಒಂದೂವರೆ ವರ್ಷದಿಂದ, ದೀಪ ಆರಿಸಿದ ಹತ್ತು ನಿಮಿಷಕ್ಕೆ ಸರಿಯಾಗಿ ತಲೆನೋವು ಬರುತ್ತಿತ್ತು. ಡಬ್ಬದಲ್ಲಿರುವ ನಾಲ್ಕರಲ್ಲಿ ಎರಡು ಅಮೃತಾಂಜನವನ್ನು ನಾನು ಶುದ್ಧ ಮನಸ್ಸಿನಿಂದಲೇ ತಂದೆ ಎಂಬುದು ದಾಖಲಾಗಲಿ. ಒಂದು ರಾತ್ರಿ ಡಬ್ಬಿಯ ಮುಚ್ಚಳ ತೆಗೆಯುತ್ತಿದ್ದಾಗ ಅವಳು ನನ್ನ ಕೈ ಹಿಡಿದುಕೊಂಡಳು.

"ನೋವು ತಲೇಲಲ್ಲ ಕಣ್ರೀ."

ಆಮೇಲೆ ಕತ್ತಲಲ್ಲೇ ಹೇಳಿದಳು. ಒಳಗೆ ಒಣಗಿ ಹೋದ ಹಾಗೆ, ಉರಿ, ಮರಳು ಹಾಕಿ ಉಜ್ಜಿದ ಹಾಗೆ. ಮಾರನೇ ದಿನ ಸ್ಕೂಟರ್ ಮೇಲೆ ಕೂತರೂ ನೋವು. ಇಷ್ಟು ದಿನ ಯಾಕೆ ಹೇಳಲಿಲ್ಲ ಅಂದೆ. "ನೀವು ಯಾವತ್ತು ಕೇಳಿದ್ರಿ?" ಅಂದಳು. ಅಂಥ ಪ್ರಶ್ನೆಗೆ ಒಂದು ಅಂಕದ ಉತ್ತರವೂ ನನ್ನ ಹತ್ತಿರ ಇರಲಿಲ್ಲ.

ಆದರೆ ತಿಪಟೂರಿನವನಿಗೆ ಪರಿಹಾರ ಇಲ್ಲದೆ ಇರುತ್ತದೆಯೇ? ನಮ್ಮೂರು ನಿಂತಿರುವುದೇ ಕೊಬ್ಬರಿಯ ಮೇಲೆ. ಹುಟ್ಟಿದ ಮಗುವಿನ ನೆತ್ತಿಗೆ, ಒಡೆದ ಹಿಮ್ಮಡಿಗೆ, ಮದುವೆಯಲ್ಲಿ ಬಿಗಿಯಾದ ಉಂಗುರಕ್ಕೆ, ಮೂಗೊಣಗಿದ ಎಮ್ಮೆಗೆ, ಎಲ್ಲಕ್ಕೂ ಕೊಬ್ಬರಿ ಎಣ್ಣೆ. ಅಡುಗೆಮನೆಗೆ ಹೋಗಿ ಗಾಣದ ಎಣ್ಣೆಯ ಬಾಟಲಿಯನ್ನೇ ಎತ್ತಿಕೊಂಡು ಬಂದೆ. ನಿಜ ಹೇಳಬೇಕೆಂದರೆ ಮೊದಲ ರಾತ್ರಿ (ಅಂದರೆ ಎಣ್ಣೆಯ ಮೊದಲ ರಾತ್ರಿ) ಅದು ಮಾನ ಉಳಿಸಿತು. ಅವಳು ಬಹಳ ದಿನದ ಮೇಲೆ ನೋವಿಲ್ಲದೆ ಮಲಗಿದಳು. ನಾನು ಆಯುರ್ವೇದ, ಪೂರ್ವಿಕರು, ಕಲ್ಪವೃಕ್ಷ ಅಂತ ಸಣ್ಣದೊಂದು ಭಾಷಣ ಮಾಡಿ ನಿದ್ದೆ ಹೋದೆ.

ಎರಡನೇ ವಾರ ಕಾಂಡೋಮ್ ಹರಿಯಿತು.

ಈ ವಯಸ್ಸಿನಲ್ಲಿ ಅದೇಕೆ ಎನ್ನಬೇಡಿ. ಅವಳಿಗೆ ಮುಟ್ಟು ಎರಡು ತಿಂಗಳು ಬರದೆ ಮೂರನೇ ತಿಂಗಳು ಬರುವ ಆಟ ನಡೆಸಿತ್ತು. ಅವಳ ಅಕ್ಕ ಹೀಗೇ ನಿಂತಿತು ಅಂದುಕೊಂಡು ನಿಶ್ಚಿಂತೆಯಾಗಿದ್ದು, 44ನೇ ವಯಸ್ಸಿನಲ್ಲಿ ಹೆತ್ತ ಮಗನನ್ನು ಅವನ ಅಣ್ಣನ ಸ್ನೇಹಿತರೆಲ್ಲ ಇವತ್ತಿಗೂ 'ಬೋನಸ್' ಎಂದೇ ಕರೆಯುತ್ತಾರೆ. ಈಗ ನಮ್ಮ ಲೆಕ್ಕ ತಪ್ಪಿತು. 10 ದಿನ, 20 ದಿನ, 38 ದಿನ. ಬೆಂಗಳೂರಿನಲ್ಲಿ ಎಂಜಿನಿಯರಿಂಗ್ ಓದುವ ಮಗಳಿಗೆ ಫೋನಿನಲ್ಲಿ ಹೇಗೆ ಹೇಳುವುದು ಎಂದು ವಾಕ್ಯಗಳನ್ನು ಹೊಸೆದೆ. ಬೆಲ್ಲ ಹಂಚುವಾಗ ಸ್ಟಾಫ್ ರೂಮಿನಲ್ಲಿ ಯಾರ ಮುಖ ಹೇಗಾಗುತ್ತದೆ ಎಂದು ಒಂದೊಂದಾಗಿ ಕಲ್ಪಿಸಿಕೊಂಡೆ. ಕೊನೆಗೆ ಅವಳೇ ಹೋಗಿ ಪರೀಕ್ಷೆಯ ಕಡ್ಡಿ ತಂದಳು. ಒಂದೇ ಗೆರೆ. ಅವಳು ಚಹಾ ಮಾಡಲು ಹೋದಳು. ನಾನು ಬಚ್ಚಲ ಬಾಗಿಲಲ್ಲೇ ಕುಸಿದು ಕೂತೆ.

ಆಮೇಲೆ ಬುದ್ಧಿ ಬಂದು ಕಾಂಡೋಮ್ ಪ್ಯಾಕೆಟ್ಟಿನ ಹಿಂಭಾಗ ಓದಿದೆ. ಇರುವೆ ಸಾಲಿನಂಥ ಅಕ್ಷರದಲ್ಲಿ ಅಲ್ಲೇ ಅಚ್ಚಾಗಿತ್ತು: ಎಣ್ಣೆ, ವ್ಯಾಸಲೀನ್ ಬಳಸಬೇಡಿ, ನೀರು ಆಧಾರಿತ ಜೆಲ್ ಮಾತ್ರ ಬಳಸಿ. ರಬ್ಬರಿನ ಲೇಟೆಕ್ಸಿಗೂ ಎಣ್ಣೆಗೂ ಹುಟ್ಟಾ ವೈರ. ಕೊಬ್ಬರಿ ಎಣ್ಣೆಯಾಗಲಿ ಬೇಬಿ ಆಯಿಲ್ ಆಗಲಿ ತುಪ್ಪವಾಗಲಿ, ತಗಲಿದ ಕೆಲವೇ ನಿಮಿಷದಲ್ಲಿ ಅದರ ಬಲ ಕಳೆಯುತ್ತದೆ. 'ಪ್ರಶ್ನೆಪತ್ರಿಕೆಯನ್ನು ಪೂರ್ತಿ ಓದಿ ಆಮೇಲೆ ಬರೆಯಿರಿ' ಎಂದು 26 ವರ್ಷದಿಂದ ಬೊಬ್ಬೆ ಹೊಡೆಯುತ್ತಿರುವವನು ನಾನು.

ಸರಿ, ನೀರು ಆಧಾರಿತ ಜೆಲ್. ಶಾಪಿಗೆ ಹೋದೆ.

ಗಲ್ಲಾದಲ್ಲಿ ನನ್ನ ಹಳೇ ವಿದ್ಯಾರ್ಥಿ. ಹಿಂದಿನ ಬೆಂಚಿನವನು. ನನಗೆ ಕಟ್ಟಿದ ದಂಡದ ಹಣದಲ್ಲೇ ಅರ್ಧ ತರಗತಿಗೆ ಕಡಲೆಪುರಿ ಆಗುವಷ್ಟು ಇಂಗ್ಲಿಷ್ ಮಾತಾಡಿದ ಆಸಾಮಿ. ನನ್ನನ್ನು ಕಂಡಿದ್ದೇ ಎದ್ದು ನಿಂತ. ಎದ್ದು ನಿಲ್ಲುವ ವಿದ್ಯಾರ್ಥಿಯಷ್ಟು ಅಪಾಯಕಾರಿ ಪ್ರಾಣಿ ಇನ್ನೊಂದಿಲ್ಲ, ಅಂಗಡಿಯಲ್ಲಿದ್ದವರೆಲ್ಲ ತಿರುಗಿ ನೋಡಿದರು. "ನಮಸ್ಕಾರ ಸರ್, ಏನ್ ಕೊಡ್ಲಿ ಸರ್?"

ನೋಡಿ, ಇಲ್ಲಿ ಬಂತು ಪದದ ಗೋಳು. ಲೂಬ್ರಿಕೆಂಟ್ ಅನ್ನೋಣವೆಂದರೆ ನನಗೆ ನಾನೇ 5 ರೂಪಾಯಿ ದಂಡ. ಕನ್ನಡದಲ್ಲಿ ಏನನ್ನಬೇಕು? 'ಜಾರಕ' ಎಂದು ಹೊಳೆಯಿತು. ಆದರೆ ಜಾರ ಎಂದರೆ ಪರಸತಿಯ ಹಿಂದೆ ತಿರುಗುವವನು ಎಂದು ಇದೇ ಹುಡುಗನಿಗೆ ಹಳೆಗನ್ನಡ ಪಾಠದಲ್ಲಿ ಅರ್ಥ ಬರೆಸಿದ್ದೇ ನಾನು. ಸಂಸ್ಕೃತಕ್ಕೆ ಹೋದರೆ ಅಲ್ಲಿ 'ಸ್ನೇಹ' ಎಂಬ ಚೆಂದದ ಪದವಿದೆ. ಜಿಡ್ಡು ಎಂದೂ ಅರ್ಥ, ಪ್ರೀತಿ ಎಂದೂ ಅರ್ಥ. ಆದರೆ ಸಂತೆಯ ದಿನ ಬಸ್‌ಸ್ಟ್ಯಾಂಡಿನ ಎದುರು, ಅರ್ಧ ಊರು ನಿಂತಿರುವಾಗ, 'ನನಗೆ ಒಂದು ಬಾಟಲಿ ಸ್ನೇಹ ಬೇಕಪ್ಪ' ಎಂದರೆ ಏನಾಗುತ್ತದೆ? 11ನೇ ಶತಮಾನದಲ್ಲೇ ಚಂದ್ರರಾಜ 'ಮದನತಿಲಕ' ಬರೆದ, 15ನೇ ಶತಮಾನದಲ್ಲಿ ಕಲ್ಲರಸ 'ಜನವಶ್ಯ' ಬರೆದ. ಕಾಮಶಾಸ್ತ್ರವನ್ನು ಕನ್ನಡದಲ್ಲಿ ಹೇಳಲು ಅವರಿಗೆ ಪದಗಳ ಕೊರತೆ ಬಿದ್ದಂತಿಲ್ಲ. ಅವರ ಹೆಸರು ಹೇಳಿಕೊಂಡು ತಿಂಗಳು ತಿಂಗಳು ಸಂಬಳ ಎಣಿಸುವ ನಾನು ಗಂಟಲು ಸರಿಮಾಡಿಕೊಂಡು, "ಶೀತದ ಮಾತ್ರೆ" ಎಂದೆ.

"ಯಾರಿಗೆ ಸರ್?"

"ಎಲ್ಲರಿಗೂ."

ಹೀಗೆ 11 ಸಲ ಹೋದೆ. ಮಳೆ ಬರುವಾಗ, ಅಂಗಡಿ ಮುಚ್ಚುವ ಹೊತ್ತಿಗೆ, ಕ್ರಿಕೆಟ್ ಪಂದ್ಯದ ಕೊನೆಯ ಓವರಿನಲ್ಲಿ. ಒಂದು ಸಲ ಅಂಗಡಿಯಲ್ಲಿ ನೊಣವೂ ಇರಲಿಲ್ಲ. ಬಾಯಿ ತೆರೆದೆ, "ಅದೂ... ಜಾರೋಕೆ..." ಎಂದೆ. ಹುಡುಗ ಕನಿಕರದಿಂದ, "ಬಾತ್‌ರೂಮಲ್ಲಿ ಜಾರಿದ್ರಾ ಸರ್?" ಎಂದು ನೀ ಕ್ಯಾಪ್ ಕೊಟ್ಟ. ದುಡ್ಡು ಕೊಟ್ಟು ತಂದೆ, ಕುಂಟಿಕೊಂಡೇ ಬಂದೆ. ತಿರುವು ದಾಟುವವರೆಗೂ ಅವನು ನೋಡುತ್ತಿದ್ದನಲ್ಲ.

ಕೊನೆಗೆ ಮನೆಯವಳಿಗೆ ತಾಳ್ಮೆ ಮುಗಿದು ಡಾಕ್ಟರ ಹತ್ತಿರ ಹೋಗೋಣ ಎಂದಳು. ಊರಿನಲ್ಲೇ ಇದ್ದಾರಲ್ಲ ಅಂದಳು. ನಾನು ಒಪ್ಪದೆ ತುಮಕೂರಿಗೆ ಕರೆದುಕೊಂಡು ಹೋದೆ. ಅಲ್ಲಿ ಕಾಯುವ ಬೆಂಚಿನ ಮೇಲೆ ನಮ್ಮ ಬೀದಿಯ ಇಬ್ಬರು ಹೆಂಗಸರು ಕೂತಿದ್ದರು. ಅವರ ಗಂಡಂದಿರಿಗೂ ಊರು ಹತ್ತಿರವಾಗಿತ್ತು ಎಂದು ಕಾಣುತ್ತದೆ.

ಡಾಕ್ಟರು ಸುಮಾರು ನನ್ನ ವಯಸ್ಸಿನ ಹೆಂಗಸು. ಅಡುಗೆ ಹೇಳಿಕೊಡುವವರ ಹಾಗೆ ಸರಾಗ ಮಾತು. ನಮ್ಮ ದೇಶದಲ್ಲಿ ಮುಟ್ಟು ನಿಲ್ಲುವುದು ಸಾಮಾನ್ಯವಾಗಿ 46–47ರ ಸುಮಾರಿಗೆ. ಅದಕ್ಕೂ ಕೆಲವು ವರ್ಷ ಮೊದಲಿಂದಲೇ ಈಸ್ಟ್ರೊಜೆನ್ ಎಂಬ ಹಾರ್ಮೋನು ಇಳಿಯುತ್ತಾ ಬರುತ್ತದೆ, ಒಳಗಿನ ಪದರ ತೆಳುವಾಗುತ್ತದೆ, ಪಸೆ ಆರುತ್ತದೆ. ಬಾಣಂತಿಯರಲ್ಲೂ, ಹಾಲೂಡಿಸುವಷ್ಟು ದಿನ ಹೀಗಾಗುವುದುಂಟು. "ಆಸೆ ಇಲ್ಲದ್ದಕ್ಕೆ ಪಸೆ ಇಲ್ಲ ಅಂತಲ್ಲ. ಆಸೆ ಇದ್ರೂ ಪಸೆ ಇರಲ್ಲ. ಇದು ನಿಮ್ಮ ಯಜಮಾನರಿಗೂ ತಿಳೀಲಿ," ಎಂದು ನನ್ನ ಕಡೆ ನೋಡಿದರು. ನಾನು ಗೋಡೆಯ ಮೇಲಿದ್ದ ಗರ್ಭಕೋಶದ ಪಟವನ್ನು ಭೂಪಟದ ಹಾಗೆ ಅಧ್ಯಯನ ಮಾಡುತ್ತಿದ್ದೆ.

"ಬೇರೆ ಏನಾದ್ರೂ ಮಾತ್ರೆ ತಗೋತೀರೇನಮ್ಮಾ?"

"ಬೇರೇನಿಲ್ಲ. ಶೀತದ್ದು ಆಗಾಗ ತಗೋತೀನಿ. ಇವರು ಮನೆ ತುಂಬಾ ತಂದಿಟ್ಟಿದಾರೆ, ದಂಡ ಆಗಬಾರದಲ್ಲ ಅಂತ..."

ಡಾಕ್ಟರು ಪೆನ್ನು ಕೆಳಗಿಟ್ಟರು. ಶೀತ ಅಲರ್ಜಿಯ ಮಾತ್ರೆಗಳು ಮೂಗನ್ನಷ್ಟೇ ಒಣಗಿಸುವುದಿಲ್ಲವಂತೆ. ಬಾಯಿ, ಕಣ್ಣು, ಇನ್ನೊಂದು, ಪಸೆ ಇರುವ ಕಡೆಯಲ್ಲೆಲ್ಲ ಒಂದಿಷ್ಟು ಒಣಗಿಸಬಹುದಂತೆ. ಅಂದರೆ ಒಣಗಿದ್ದಕ್ಕೆ ಮದ್ದು ತರಲು ಹೋಗಿ ನಾನು ಆರು ತಿಂಗಳು ಒಣಗಿಸುವ ಮದ್ದನ್ನೇ ಹೊತ್ತು ಹಾಕಿದ್ದೆ! ಮನೆಯವಳು ನನ್ನ ಕಡೆ ತಿರುಗಿ ನೋಡಿದ ನೋಟಕ್ಕೂ ಇನ್ನೊಂದಿಷ್ಟು ಒಣಗಿಸುವ ಶಕ್ತಿ ಇತ್ತು.

ಇನ್ನೂ ಮುಗಿದಿರಲಿಲ್ಲ. "ಸಮಯ ಕೊಡ್ತಾರಾ? ಆತುರ ಮಾಡ್ತಾರಾ?" ಎಂದು ಕೇಳಿದರು.

"ಫೆಬ್ರವರೀಲಿ ಸಿಲಬಸ್ ಮುಗಿಸ್ತಾರಲ್ಲ ಮೇಡಂ, ಹಾಗೆ," ಎಂದಳು ನನ್ನ ಧರ್ಮಪತ್ನಿ.

ಆ ಮೇಲಿನ ಕಾಲು ಗಂಟೆ ನಾನು ನಿಜಕ್ಕೂ ಪಾಠ ಕೇಳಿದೆ, ಏಕೆಂದರೆ ತಲೆ ಎತ್ತುವ ಹಾಗಿರಲಿಲ್ಲ. ಜೆಲ್‌ಗಳಲ್ಲಿ ನೀರಿನದು, ಸಿಲಿಕೋನಿನದು ಎಂದು ಮುಖ್ಯವಾಗಿ ಎರಡು ಜಾತಿ. ಎರಡೂ ಕಾಂಡೋಮಿಗೆ ಹೊಂದುತ್ತವೆ. ನೀರಿನದು ತೊಳೆದರೆ ಹೋಗುತ್ತದೆ, ಆದರೆ ಬೇಗ ಆರಿ ಅಂಟಾಗುತ್ತದೆ. ಆಗ ಎರಡು ಹನಿ ನೀರು ಚಿಮುಕಿಸಿದರೆ ಮತ್ತೆ ಜೀವ ಬರುತ್ತದೆ. ಸಿಲಿಕೋನಿನದು ಬಹಳ ಹೊತ್ತು ಬಾಳುತ್ತದೆ, ನೆಲಕ್ಕೆ ಬಿದ್ದರೆ ಮಾತ್ರ ಟೈಲ್ಸ್ ಮೇಲೆ ಮನುಷ್ಯ ಉಳಿಯುವುದಿಲ್ಲ. (ನೀ ಕ್ಯಾಪ್ ನೆನಪಾಯಿತು.) ಉಗುಳು ನಡೆಯುತ್ತಲ್ಲ ಎಂದು ಬಹಳ ಜನ ತಿಳಿದಿದ್ದಾರೆ, ಅದು ಕ್ಷಣದಲ್ಲಿ ಆರುತ್ತದೆ, ಸೋಂಕನ್ನೂ ದಾಟಿಸಬಹುದು. ಸುವಾಸನೆಯದು, 'ಬಿಸಿ' ತರುವಂಥದು, ಸ್ಟ್ರಾಬೆರಿ ರುಚಿಯದು, ಉರಿಯಿದ್ದವರಿಗೆ ಯಾವುದೂ ಬೇಡ. ಗ್ಲಿಸರಿನ್ ಹೆಚ್ಚಿದ್ದರೂ ಬೇಡ. ಅದೇಕೆ ಎಂದು ಕೇಳಿದ್ದಕ್ಕೆ, "ಮಾವಿನಕಾಯಿಗೆ ಉಪ್ಪು ಹಾಕಿಟ್ರೆ ಏನಾಗುತ್ತೆ?" ಎಂದರು. ನೀರು ಬಿಡುತ್ತದೆ. ಹಾಗೆಯೇ ಗಾಢವಾದ ಜೆಲ್ ಒಳಪದರದ ಜೀವಕೋಶಗಳ ನೀರನ್ನೇ ಎಳೆದುಕೊಳ್ಳುತ್ತದಂತೆ. ಇದನ್ನು ಅಳೆಯಲು ಆಸ್ಮೊಲಾಲಿಟಿ ಎಂಬ ಲೆಕ್ಕವಿದೆ. ಅದು 380 ದಾಟದಿದ್ದರೆ ಉತ್ತಮ, 1200 ಮೀರಲೇಬಾರದು ಎಂದು ವಿಶ್ವ ಆರೋಗ್ಯ ಸಂಸ್ಥೆ 2012ರಲ್ಲೇ ಸಲಹೆ ಕೊಟ್ಟಿದೆ. ಬಾಟಲಿಯ ಮೇಲೆ ಈ ಅಂಕಿ ಹಾಕುವವರು ಕಡಿಮೆ. ಪಿಎಚ್ ಸುಮಾರು 4.5 ಇದ್ದರೆ ಒಳ್ಳೆಯದು, ಏಕೆಂದರೆ ಆ ಜಾಗ ಸಹಜವಾಗಿ ಸ್ವಲ್ಪ ಹುಳಿ, ಹುಳಿಯೇ ಅದರ ಕಾವಲು. ಮುಟ್ಟು ನಿಂತು ಒಂದು ವರ್ಷ ಪೂರ್ತಿ ಆಗುವವರೆಗೂ ನಿಂತಿತೆಂದು ನಂಬಬಾರದು. ಜೆಲ್‌ನಿಂದ ಆಗದಿದ್ದರೆ ಹಾರ್ಮೋನಿನ ಕ್ರೀಮು ಇದೆ, ಅದನ್ನು ನಾನೇ ಬರೆದುಕೊಡಬೇಕು, ನೀವಾಗಿ ತರಬೇಡಿ ಎಂದರು. ನಾನಾಗಿ ತರುವುದೇನೆಂದು ಅವರಿಗೆ ಗೊತ್ತಾಗಿತ್ತಲ್ಲ.

ಚೀಟಿಯಲ್ಲಿ ಬರೆದುಕೊಟ್ಟರು. ತುಮಕೂರಿನಲ್ಲೇ ಕೊಂಡಿದ್ದರೆ ಕಥೆ ಅಲ್ಲಿಗೇ ಮುಗಿಯುತ್ತಿತ್ತು. ಆದರೆ ಬಸ್ಸು ಹೊರಡುತ್ತಿತ್ತು, ಮತ್ತು ನನಗೆ ಒಂದು ಉಪಾಯ ಹೊಳೆದಿತ್ತು: ಆನ್‌ಲೈನ್. ಯಾರ ಮುಖವೂ ಇಲ್ಲ, ಯಾರ ಪ್ರಶ್ನೆಯೂ ಇಲ್ಲ.

ನಮ್ಮ ಮನೆಯ ಮೂರನೆಯ ಸದಸ್ಯರನ್ನು ಇಲ್ಲಿಯವರೆಗೆ ಪರಿಚಯಿಸಲಿಲ್ಲ. ನನ್ನ ಅತ್ತೆ. ವಯಸ್ಸು 73. ಕಣ್ಣಿಗೆ ಪೊರೆಯ ಆಪರೇಷನ್ ಆದಮೇಲೆ ಸೂಜಿಗೆ ದಾರ ಪೋಣಿಸುವುದಿರಲಿ, ಎದುರು ಮನೆಯವರ ಕ್ಯಾಲೆಂಡರಿನ ತಿಥಿಯನ್ನೂ ಇಲ್ಲಿಂದಲೇ ಓದುತ್ತಾರೆ. ಪಾರ್ಸೆಲ್ ಬಂದ ದಿನ ನಾನು ಮೌಲ್ಯಮಾಪನಕ್ಕೆ ಹೋಗಿದ್ದೆ. ಸಂಜೆ ಬಂದು ನೋಡಿದರೆ ಪೊಟ್ಟಣ ಬಿಚ್ಚಿ, ಒಳಗಿನ ಬಾಟಲಿಯನ್ನು ಊಟದ ಮೇಜಿನ ಮೇಲೆ ಉಪ್ಪಿನಕಾಯಿಯ ಪಕ್ಕ ನಿಲ್ಲಿಸಿದ್ದರು.

"ಇದೇನ್ರೀ ಅಳಿಯಂದಿರೇ, ಲೋಳೆ ಲೋಳೆ ಐತೆ?"

ಮನೆಯವಳು ಅಡುಗೆಮನೆಯಲ್ಲಿದ್ದಳು. ಒಗ್ಗರಣೆಯ ಸದ್ದು ನಿಂತಿತು. ನನ್ನ ಕಣ್ಣು ಮೂಲೆಯಲ್ಲಿದ್ದ ಅತ್ತೆಯ ಹೊಲಿಗೆ ಮಷೀನಿನ ಮೇಲೆ ಬಿತ್ತು. ಅದು ಅವರ ಮದುವೆಯಲ್ಲಿ ಬಂದ, ಕಾಲಲ್ಲಿ ತುಳಿಯುವ ಕಪ್ಪು ಮಷೀನು. ಅದಕ್ಕೆ ಮುಟ್ಟಿದವರ ಕೈ ಮುರಿಯುವಷ್ಟು ಮರ್ಯಾದೆ.

"ಮಷೀನ್ ಎಣ್ಣೆ ಅತ್ತೆ. ಹೊಸ ಥರದ್ದು. ನಿಮ್ಮ ಮಷೀನು ಕಿರ್ ಅಂತಿತ್ತಲ್ಲ, ಅದಕ್ಕೇ ತರಿಸಿದೆ."

ಅತ್ತೆಯ ಕಣ್ಣು ತುಂಬಿ ಬಂತು. ಮದುವೆಯಾದಾಗಿನಿಂದ ಈ ಅಳಿಯ ತನಗಾಗಿ ತಂದ ಮೊದಲ ವಸ್ತುವಂತೆ. ಆ ಕ್ಷಣದಲ್ಲೇ ಎದ್ದು ಮಷೀನಿನ ಎಲ್ಲ ತೂತಿಗೂ ಧಾರಾಳವಾಗಿ ಹಾಕಿದರು. ತುಳಿದರು. ಮಷೀನು ಬೆಣ್ಣೆಯ ಹಾಗೆ ಓಡಿತು. "ಏನ್ ನುಣುಪು! ಎಂಥಾ ವಸ್ತು ತಂದ್ರಿ!" ಎಂದು ಮಗಳನ್ನು ಕರೆದು ಬೆರಳಿಗೆ ಹಚ್ಚಿ ತೋರಿಸಿದರು. ಮಗಳು ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡು ಹಿತ್ತಲಿಗೆ ಓಡಿದಳು. ಪಕ್ಕದ ಮನೆಯ ಟೈಲರಮ್ಮನಿಗೂ ಒಂದು ಲೋಟದಲ್ಲಿ ಸ್ವಲ್ಪ ಹೋಯಿತು.

ಡಾಕ್ಟರು ಹೇಳಿದ್ದು ಅಕ್ಷರಶಃ ನಿಜವಾಯಿತು. ನೀರಿನದು ಆರಿ ಅಂಟಾಗುತ್ತದೆ. ಮಾರನೇ ಬೆಳಗ್ಗೆ ರವಿಕೆಯ ತೋಳಿನ ಅರ್ಧಕ್ಕೆ ಮಷೀನು ಕಚ್ಚಿ ಕೂತಿತು. ಎರಡು ಹನಿ ನೀರು ಬಿಟ್ಟರೆ ಸರಿಹೋಗುತ್ತದೆ ಎಂಬುದು ನನಗೆ ಗೊತ್ತಿತ್ತು, ಆದರೆ ಹೇಗೆ ಗೊತ್ತು ಎಂದು ಹೇಳುವ ಹಾಗಿರಲಿಲ್ಲ. ಟೈಲರಮ್ಮನ ಮಷೀನೂ ಮಧ್ಯಾಹ್ನದ ಹೊತ್ತಿಗೆ ಮಲಗಿತು. ರಿಪೇರಿಯವನು ಬಂದು ತಲೆ ಬಿಚ್ಚಿ, ಬೆರಳಲ್ಲಿ ಮುಟ್ಟಿ, ಮೂಸಿ, "ಯಾರ್ರೀ ಇದಕ್ಕೆ ಗೋಂದು ಹಾಕಿದ್ದು?" ಎಂದ. ಬಾಟಲಿ ತೋರಿಸಿದರು. ಅವನು ಬಾಟಲಿಯನ್ನು ತಿರುಗಿಸಿ ಓದಿದ. ನನ್ನನ್ನು ನೋಡಿದ. ಮತ್ತೆ ಓದಿದ. ಎರಡು ಮಷೀನಿಗೆ 1,400 ರೂಪಾಯಿ ತೆಗೆದುಕೊಂಡ. ಅದರಲ್ಲಿ ಅರ್ಧ ಬಾಯಿ ಮುಚ್ಚಿಕೊಂಡಿದ್ದಕ್ಕೆ ಎಂದು ನಾನು ತಿಳಿದಿದ್ದೇನೆ.

ಆ ಸಂಜೆ ಮಷೀನಿನ ಪಕ್ಕದಲ್ಲಿ ಕೂತಿದ್ದಾಗ ತಾತನ ಗಾಡಿ ನೆನಪಾಯಿತು. ಗಾಡಿಯ ಕೆಳಗೆ ಬಿದಿರಿನ ಗೊಟ್ಟ ನೇತಾಡುತ್ತಿತ್ತು. ಅದರಲ್ಲಿ ಹರಳೆಣ್ಣೆಗೆ ಹುಲ್ಲು ಸುಟ್ಟ ಕರಿ ಕಲಸಿದ ಕಪ್ಪು ಜಿಡ್ಡು. ಊರು ಬಿಡುವ ಮೊದಲು ಗಾಲಿ ಸರಿಸಿ ಅಚ್ಚಿಗೆ ಹಚ್ಚದೆ ತಾತ ಎತ್ತು ಹೂಡಿದವರಲ್ಲ. ಅದರ ಹೆಸರು ಕೀಲೆಣ್ಣೆ. ಪದ ಮನೆಯಲ್ಲೇ ಇತ್ತು, ನಾನು ನಿಘಂಟಿನಲ್ಲಿ ಹುಡುಕುತ್ತಿದ್ದೆ. ಮನೆಯವಳಿಗೆ ಹೇಳಿದೆ. "ನಾನೇನು ಗಾಡಿನಾ?" ಎಂದಳು. ಸ್ವಲ್ಪ ಹೊತ್ತು ಬಿಟ್ಟು, "ನಿಮ್ಮ ತಾತನಿಗಿದ್ದ ಬುದ್ಧಿ..." ಎಂದು ನಿಲ್ಲಿಸಿದಳು.

12ನೇ ಸಲ ಅಂಗಡಿಗೆ ಹೋದೆ. ಐದಾರು ಜನ ಇದ್ದರು. ಹುಡುಗ ಎದ್ದು ನಿಂತು ಆಗಲೇ ಶೀತದ ಮಾತ್ರೆಯ ಡಬ್ಬಕ್ಕೆ ಕೈ ಹಾಕಿದ್ದ. "ಅದಲ್ಲಪ್ಪ. ಒಂದು ಕೀಲೆಣ್ಣೆ ಕೊಡು," ಎಂದು ಡಾಕ್ಟರ ಚೀಟಿ ಮುಂದೆ ಇಟ್ಟೆ. ಚೀಟಿ ಓದಿದ. ಮುಖದಲ್ಲಿ ಒಂದು ಗೆರೆ ಅಲುಗಲಿಲ್ಲ. ಆದರೆ ಕೊನೆಯ ಬೆಂಚಿನವನ ಬುದ್ಧಿ ಎಲ್ಲಿ ಹೋಗುತ್ತದೆ?

"ಸರ್, ಇದು ವಾಟರ್ ಬೇಸ್ಡು. ಎಣ್ಣೆ ಅನ್ನಬಹುದಾ?"

"ಅನ್ವರ್ಥನಾಮ ಅಲ್ಲಯ್ಯ, ರೂಢನಾಮ ಅಂದ್ಕೊ. ಇವತ್ತಿಂದ ರೂಢಿ."

"5 ರೂಪಾಯಿ ಕಮ್ಮಿ ಕೊಡಿ ಸರ್, ವಾಟರ್ ಬೇಸ್ಡ್ ಅಂದಿದ್ದಕ್ಕೆ," ಎಂದು ನಕ್ಕ. ಕಾಗದದಲ್ಲಿ ಸುತ್ತಿ, ಬಿಲ್ಲಿನಲ್ಲಿ ಅಚ್ಚಗನ್ನಡದಲ್ಲಿ ಬರೆದ: ಕೀಲೆಣ್ಣೆ – 1.

ಆ ರಾತ್ರಿಯ ವಿವರ ಕೇಳಬೇಡಿ. ಡಿಸೆಂಬರ್ ತಿಂಗಳು, ಜೆಲ್ ಮಂಜಿನಂತಿತ್ತು. ಅಂಗೈಯಲ್ಲಿ ಬಿಸಿ ಮಾಡಿಕೊಳ್ಳಬೇಕೆಂದು ಅವಳು ಕಿರುಚಿದ ಮೇಲೆ ಗೊತ್ತಾಯಿತು. ಬಿಸಿಬೇಳೆಬಾತಿಗೆ ತುಪ್ಪ ಸುರಿದು ಅಭ್ಯಾಸವಾದ ಕೈ, ಚಮಚದಷ್ಟು ಬೇಕಾದ ಕಡೆ ಸೌಟಿನಷ್ಟು ಸುರಿಯಿತು. ಇಬ್ಬರೂ ಹಾಸಿಗೆಯ ಮೇಲೆ ಜಾರಿ, ನಕ್ಕು, ಅತ್ತೆ ಎದ್ದಾರೆಂದು ಬಾಯಿಗೆ ದಿಂಬು ಒತ್ತಿಕೊಂಡು ಮತ್ತೆ ನಕ್ಕೆವು. ನಡುವೆ ಅವಳೇ ಪಕ್ಕದ ಲೋಟದಿಂದ ಎರಡು ಹನಿ ನೀರು ಚಿಮುಕಿಸಿದಳು. ಫೆಬ್ರವರಿ ಇನ್ನೂ ದೂರ ಇತ್ತು, ಸಿಲಬಸ್ಸಿನ ಆತುರ ಇರಲಿಲ್ಲ. ಆಮೇಲೆ ಅವಳು ಸೂರು ನೋಡುತ್ತಾ, "ಒಂದೂವರೆ ವರ್ಷ ಹಲ್ಲು ಕಚ್ಕೊಂಡಿದ್ದೆ ಕಣ್ರೀ," ಎಂದಳು. ಆಗ ಮಾತ್ರ ನನಗೆ ನಗು ಬರಲಿಲ್ಲ.

ಇಷ್ಟಕ್ಕೆ ಮುಗಿಯಿತು ಎಂದುಕೊಂಡಿದ್ದೆ. ಆದರೆ ಪದಕ್ಕೆ ಕಾಲು ಬಂತು. ಅಂಗಡಿಯ ಹುಡುಗ, ನಡುವಯಸ್ಸಿನ ಗಂಡಸು ಯಾರಾದರೂ ಬಂದು ಶೀತದ ಮಾತ್ರೆ ಕೇಳಿ, ಹೋಗದೆ ನಿಂತು, ಗೋಡೆಯ ಕ್ಯಾಲೆಂಡರ್ ನೋಡುತ್ತಿದ್ದರೆ ಮೆಲ್ಲಗೆ "ಕೀಲೆಣ್ಣೆನಾ ಸರ್?" ಎಂದು ಕೇಳಲು ಶುರುಮಾಡಿದ್ದಾನೆ. ಅವರು ತಲೆ ಆಡಿಸಿದರೆ ಸಾಕು. ಹಿಂದೆ ಸರ್ಕಾರ ಕಾಂಡೋಮಿಗೆ 'ನಿರೋಧ್' ಎಂದು ಹೆಸರಿಟ್ಟ ಮೇಲೆ ತಾನೇ ಜನ ಪೆಟ್ಟಿಗೆ ಅಂಗಡಿಯಲ್ಲೂ ಕೇಳುವ ಧೈರ್ಯ ಮಾಡಿದ್ದು. ಕನ್ನಡ ಶಬ್ದಭಂಡಾರಕ್ಕೆ ನನ್ನ ಏಕೈಕ ಕೊಡುಗೆ ಇದು, ಆದರೆ ಬಯೋಡೇಟಾದಲ್ಲಿ ಹಾಕುವ ಹಾಗಿಲ್ಲ.

ಹೋದ ವಾರ ಸ್ಟಾಫ್ ರೂಮಿನಲ್ಲಿ ಭೌತಶಾಸ್ತ್ರದ ಮೇಷ್ಟ್ರು ಪಕ್ಕಕ್ಕೆ ಬಂದು ಕೂತರು. ಘರ್ಷಣೆಯ ಪಾಠವನ್ನು 20 ವರ್ಷದಿಂದ ಮಾಡುತ್ತಿರುವವರು. ಪೇಪರಿನ ಮರೆಯಲ್ಲಿ ಪಿಸುಗುಟ್ಟಿದರು.

"ಸಾರ್, ಆ ಕೀಲೆಣ್ಣೆ ಅಂತಾರಲ್ಲ... ಎಣ್ಣೆ ಅಂದ್ಮೇಲೆ ಅಂಗಡಿಗೆ ಯಾಕ್ ಹೋಗ್ಬೇಕು? ಮನೇಲಿ ಗಾಣದ ಕೊಬ್ಬರಿ ಎಣ್ಣೆ ಐತಲ್ಲ, ಅದೇ ಆಗಲ್ವಾ?"

ಅವರ ತೋಳು ಹಿಡಿದು ಸೈಕಲ್ ಸ್ಟ್ಯಾಂಡಿನ ಹಿಂದಿನ ತೆಂಗಿನ ಮರದ ಕೆಳಗೆ ಕರೆದುಕೊಂಡು ಹೋದೆ. "ಮೊದಲು ಪ್ಯಾಕೆಟ್ಟಿನ ಹಿಂಭಾಗ ಓದಿದೀರಾ?" ಎಂದು ಶುರುಮಾಡಿದೆ. ಗಂಟೆ ಹೊಡೆಯಿತು. ಗಂಟೆಗೆ ಮೊದಲೇ ತರಗತಿಯ ಬಾಗಿಲಲ್ಲಿರುವ ಮನುಷ್ಯ ಜಾಗ ಬಿಟ್ಟು ಕದಲಲಿಲ್ಲ.